ಜಲ್ಲಿ ಹಾಸಿಗೆ

ಲಾರಿ ಅಂಗಳದಲ್ಲಿ ಅವನನ್ನು ಎಲ್ಲರೂ ನಿಧಾನಿ ಎಂದೇ ಕರೆಯುತ್ತಿದ್ದರು. ಕಣಿವೆಯ ಇಳಿಜಾರಿನಲ್ಲಿ ಅವನ ಕೈ ಎರಡನೇ ಗೇರು ದಾಟಿದ್ದನ್ನು ಕಂಡವರಿಲ್ಲ. "ಹಿಂದೆ ಕಾರುಗಳ ಮೆರವಣಿಗೆ ಬರ್ತಿದ್ರೆ ಮುಂದೆ ನಮ್ಮ ನಿಧಾನಿ ಇದ್ದಾನೆ ಅಂತ್ಲೇ ಅರ್ಥ" ಎಂದು ಉಳಿದ ಡ್ರೈವರುಗಳು ನಗುತ್ತಿದ್ದರು. ಅವನೂ ನಗುತ್ತಿದ್ದ. ಅಷ್ಟು ವರ್ಷಗಳ ಚಾಕರಿಯಲ್ಲಿ ಅವನ ಲಾರಿ ಗುದ್ದಿದ್ದು ಆಫೀಸಿನ ಗೇಟಿನ ಕಂಬವೊಂದಕ್ಕೆ ಮಾತ್ರ. ಅದೂ ಕಂಬದ್ದೇ ತಪ್ಪು ಎಂದು ಅವನ ವಾದ.

ಬೆಟ್ಟದ ಮೇಲಿನ ಕಾರ್ಖಾನೆಯಿಂದ ಕೆಳಗಿನ ಬಂದರಿಗೆ ಸಿಮೆಂಟ್ ಸಾಗಿಸುವುದು ಅವನ ಕೆಲಸ. ಹೆಂಡತಿ ಮನೆಯಲ್ಲೇ ಲಾರಿಗಳ ಟಾರ್ಪಾಲು ಹೊಲಿಯುತ್ತಿದ್ದಳು. ಮುಂದಿನ ಕೋಣೆಯ ಮುಕ್ಕಾಲು ಪಾಲು ಅವಳ ದಪ್ಪ ಹೊಲಿಗೆ ಯಂತ್ರದ್ದು, ಉಳಿದದ್ದು ಮಡಿಸಿಟ್ಟ ಟಾರ್ಪಾಲುಗಳದ್ದು. ಅಡುಗೆಮನೆಗೆ ಹೋಗಬೇಕಾದರೆ ಅವುಗಳ ಮೇಲೆ ಕಾಲಿಟ್ಟೇ ಹೋಗಬೇಕು. ಮಗಳು ಓದು ಬರಹ ಕಲಿತದ್ದೆಲ್ಲ ಆ ಮೇಣದ ವಾಸನೆಯ ಗುಡ್ಡೆಯ ಮೇಲೆ ಬೋರಲು ಮಲಗಿಕೊಂಡು. ಬೆರಳಿಗೆ ಚರ್ಮದ ಪಟ್ಟಿ ಸುತ್ತಿಕೊಂಡು ಹೊಲಿಯುವ ಹೆಂಡತಿ ಗಂಡನ ಲಾರಿಯ ಟಾರ್ಪಾಲಿಗೆ ಮಾತ್ರ ಯಾವಾಗಲೂ ಎರಡು ಸಾಲು ಹೊಲಿಗೆ ಹಾಕುತ್ತಿದ್ದಳು.

ಆ ಮನೆಯಲ್ಲಿ ನಾಲ್ಕನೆಯವನೊಬ್ಬನಿದ್ದ, ಹೆಂಡತಿಯ ತಮ್ಮ. ತಾಯಿ ತೀರಿಕೊಂಡಾಗ ಇನ್ನೂ ಚಡ್ಡಿ ಹಾಕುತ್ತಿದ್ದವನನ್ನು ಅಕ್ಕ ತನ್ನ ಜೊತೆ ಕರೆತಂದಿದ್ದಳು. ಭಾವನೇ ಅವನಿಗೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದ. ಕೈ ಚುರುಕು, ಬಾಯಿ ಇನ್ನೂ ಚುರುಕು. ಕೆಲಸಕ್ಕೆ ಸೇರಿದ ಕೆಲವೇ ವರ್ಷಗಳಲ್ಲಿ ಡ್ರೈವರುಗಳ ಸಂಘದ ಕಾರ್ಯದರ್ಶಿಯಾದ. "ನಾನು ಗಾಡಿ ಓಡಿಸೋದು ಕಲಿಸ್ದೆ, ಬಾಯಿ ಓಡಿಸೋದು ಯಾರು ಕಲಿಸಿದ್ರೋ" ಎನ್ನುತ್ತಿದ್ದ ಭಾವ, ಹೆಮ್ಮೆ ಅಡಗಿಸಿಕೊಂಡು.

ಮೊದಲೆಲ್ಲ ಸಂಬಳ ಗಂಟೆಯ ಲೆಕ್ಕದಲ್ಲಿ ಬರುತ್ತಿತ್ತು. ಕಾರ್ಖಾನೆಯಲ್ಲಿ ಲೋಡಿಗಾಗಿ ಕಾದ ಹೊತ್ತು, ಬಂದರಿನ ಸಾಲಿನಲ್ಲಿ ನಿಂತ ಹೊತ್ತು, ಎಲ್ಲವೂ ಕೆಲಸವೇ. ಆಮೇಲೆ ಕಂಪನಿ ಒಬ್ಬ ಗುತ್ತಿಗೆದಾರನ ಮೂಲಕ ಗಡಿಯಾಚೆಯಿಂದ ಡ್ರೈವರುಗಳನ್ನು ಕರೆಸಿತು. ಇಲ್ಲಿಯವರ ಸಂಬಳದ ಅರ್ಧಕ್ಕೂ ಅವರು ಒಪ್ಪಿದ್ದರು. ಅದೂ ಟ್ರಿಪ್ಪಿನ ಲೆಕ್ಕ, ಕಾದದ್ದಕ್ಕೆ ಬಿಡಿಗಾಸಿಲ್ಲ. ಅಂಗಳದ ಹಿಂಬದಿಯಲ್ಲಿ ಕ್ಯಾಬಿನ್ನಿನಲ್ಲೇ ಮಲಗಿ, ಗಾಲಿಯ ಪಕ್ಕದಲ್ಲೇ ಸ್ಟವ್ ಹಚ್ಚಿ, ಡೀಸೆಲ್ ಡಬ್ಬಿ ಮಗುಚಿ ಅದರ ಮೇಲೆ ಕೂತು ಉಣ್ಣುತ್ತಿದ್ದರು. ದಾರಿ ಬದಿಯ ಫಲಕ ಓದಲು ಅವರಿಗೆ ಬರುತ್ತಿರಲಿಲ್ಲ. ಓದಿಸಿ ನೋಡಿ ಲೈಸೆನ್ಸು ಕೊಡಬೇಕಾದವರು ಓದಿಸಲಿಲ್ಲ.

ಸ್ವಲ್ಪ ದಿನಕ್ಕೆ ಮ್ಯಾನೇಜರು ಇಲ್ಲಿಯವರನ್ನೂ ಕರೆದು ಹೇಳಿದ. "ಇನ್ಮೇಲೆ ಎಲ್ರಿಗೂ ಟ್ರಿಪ್ ಲೆಕ್ಕ. ಒಪ್ಪಿದ್ರೆ ಇರಿ. ಇಲ್ಲಾಂದ್ರೆ ಗೇಟು ತೆರೆದೇ ಇದೆ."

"ಹಂಗಾದ್ರೆ ನಿದ್ದೆ ಯಾರ ಖರ್ಚು?" ಎಂದು ಬಾಮೈದ ಕೇಳಿದ.

"ನಿದ್ದೆ ಮಾಡೋಕೆ ಕಂಪನಿ ಯಾಕೆ ದುಡ್ಡು ಕೊಡ್ಬೇಕು?"

ಅಂಗಳದಲ್ಲಿ ಗಡಿಯಾಚೆಯವರ ಜೊತೆ ಇಲ್ಲಿಯವರು ಮಾತಾಡುವುದು ನಿಂತಿತು. ನಮ್ಮ ಅನ್ನಕ್ಕೆ ಕಲ್ಲು ಹಾಕಲು ಬಂದವರು ಎಂದರು. ನೀರಿನ ನಲ್ಲಿಯ ಹತ್ತಿರ ಒಂದೆರಡು ಸಲ ಕೈ ಕೈ ಮಿಲಾಯಿಸಿದ್ದೂ ಆಯಿತು. ನಿಧಾನಿಗೂ ಒಳಗೆ ಕುದಿಯುತ್ತಿತ್ತು. ಆದರೂ ಅವರಲ್ಲೊಬ್ಬ ಅವನಿಗೆ ಗಂಟುಬಿದ್ದ. ಬಿಸಿಲಿರಲಿ ಚಳಿಯಿರಲಿ ತಲೆಯ ಮೇಲೆ ಉಣ್ಣೆಯ ಟೋಪಿ ತೆಗೆಯದ ಒಬ್ಬ ನಡುವಯಸ್ಸಿನವ. ಟೋಪಿ ಎಂದೇ ಅವನ ಹೆಸರಾಯಿತು. ಒಂದು ಬೆಳಿಗ್ಗೆ ಅವನು ನಿಧಾನಿಯ ತೋಳು ಹಿಡಿದು ತನ್ನ ಲಾರಿಯ ಹತ್ತಿರ ಕರೆದೊಯ್ದು, ಬ್ರೇಕು ತುಳಿದು, ಕಿವಿ ಮುಟ್ಟಿ ತೋರಿಸಿದ. ಕೆಳಗೆಲ್ಲೋ ಬ್ರೇಕಿನ ಗಾಳಿ ಸೋರಿ ಬುಸುಗುಡುತ್ತಿತ್ತು.

ನಿಧಾನಿ ಬಗ್ಗಿ ನೋಡಿದ. "ಇದನ್ನ ತಗೊಂಡ್ಹೋಗ್ಬೇಡ" ಎಂದು ಕೈಯಾಡಿಸಿದ. ಟೋಪಿ ಆಫೀಸಿನ ಕಡೆ ಬೆರಳು ಮಾಡಿ ಹೆಗಲು ಕುಣಿಸಿದ. ಹೇಳಿ ಆಯಿತು, ಓಡಿಸು ಅಂದರು ಎಂದು ಅದರ ಅರ್ಥ. ಆಗ ನಿಧಾನಿ ನೆಲದ ಧೂಳಿನಲ್ಲಿ ಕೂತು ಬೆರಳಲ್ಲಿ ಇಳಿಜಾರು ಬರೆದ. ಎರಡು ಬೆರಳೆತ್ತಿ ಎರಡನೇ ಗೇರು ಎಂದ. ಕೊನೆಯ ತಿರುವಿನಲ್ಲಿ ಎಡಕ್ಕೆ ಒಂದು ಗೆರೆ ಎಳೆದು, ಅದರೊಳಗೆ ಒಂದು ಹಿಡಿ ಸಣ್ಣ ಕಲ್ಲು ಸುರಿದು, ತನ್ನ ಮುಷ್ಟಿಯನ್ನು ಲಾರಿಯಂತೆ ಓಡಿಸಿ ಅದರಲ್ಲಿ ಹೂತು ನಿಲ್ಲಿಸಿದ. ಟೋಪಿಯ ಮುಖ ಅರಳಿತು. ತನ್ನ ಮುಷ್ಟಿಯನ್ನೂ ಓಡಿಸಿ ಅಲ್ಲೇ ನಿಲ್ಲಿಸಿ ತೋರಿಸಿದ.

"ಏನ್ ಭಾವ, ಅವರಿಗೆ ಟ್ಯೂಷನ್ನಾ?" ಎಂದ ಹಿಂದಿನಿಂದ ಬಂದ ಬಾಮೈದ.

"ನಮ್ಮ ಹಿಂದೇನೇ ಇಳಿಯೋದು ಅವನೂ. ಗುದ್ದೋದು ನಮಗೇ" ಎಂದು ನಿಧಾನಿ ಕೈ ಕೊಡವಿಕೊಂಡು ಎದ್ದ.

ಆ ಜಾಗವನ್ನು ಡ್ರೈವರುಗಳು ಹಾಸಿಗೆ ಎನ್ನುತ್ತಿದ್ದರು. ಇಳಿಜಾರಿನ ಕೊನೆಯ ತಿರುವಿನಲ್ಲಿ ರಸ್ತೆಯಿಂದ ಕವಲೊಡೆದು ಮೇಲಕ್ಕೆ ಏರುವ ಅಗಲವಾದ ಪಟ್ಟಿ, ಅದರ ತುಂಬ ಸಡಿಲವಾದ ಉರುಟು ಜಲ್ಲಿ. ಬ್ರೇಕು ಹೋದ ಲಾರಿಯನ್ನು ಅದರೊಳಕ್ಕೆ ನುಗ್ಗಿಸಿದರೆ ಗಾಲಿಗಳು ಹೂತು ನಿಲ್ಲುತ್ತವೆ. ಆಗಾಗ ಜಲ್ಲಿಯನ್ನು ಕೆದಕಿ ಸಡಿಲ ಮಾಡುತ್ತಿರಬೇಕು. ಹೆದ್ದಾರಿಯವರು ಅದನ್ನು ಮರೆತು ವರ್ಷಗಳಾಗಿದ್ದವು. ಧೂಳು ಕೂತು ಗಟ್ಟಿಯಾಗಿ, ನಡುವೆ ಕಳೆ ಎದ್ದಿತ್ತು.

ಮುಷ್ಕರ ಶುರುವಾದಾಗ ಸಂಘದ ಬೇಡಿಕೆಗಳು ನಾಲ್ಕು: ಗಂಟೆಯ ಸಂಬಳ ವಾಪಸು ಬರಲಿ, ಗಡಿಯಾಚೆಯವರಿಗೂ ಅದೇ ಸಂಬಳ ಇರಲಿ, ಬ್ರೇಕಿನ ತಪಾಸಣೆ ನಡೆಯಲಿ, ಹಾಸಿಗೆ ರಿಪೇರಿಯಾಗಲಿ. ಗಡಿಯಾಚೆಯವರ ಹೆಸರು ಸೇರಿಸಿದ್ದಕ್ಕೆ ಸಂಘದಲ್ಲೇ ಕೆಲವರು ಹಾರಾಡಿದರು. "ಅವರಿಗೂ ನಮ್ಮಷ್ಟೇ ಕೊಡ್ಬೇಕಾದ್ರೆ ಅವರನ್ನ ಯಾಕೆ ಕರೆಸ್ತಾರೆ ಹೇಳಿ" ಎಂದು ಬಾಮೈದ ಅವರ ಬಾಯಿ ಮುಚ್ಚಿಸಿದ. ಆದರೆ ಆ ಮಾತನ್ನು ಗಡಿಯಾಚೆಯವರಿಗೆ ಅವರ ಭಾಷೆಯಲ್ಲಿ ಯಾರೂ ಹೋಗಿ ಹೇಳಲಿಲ್ಲ. ಅವರಿಗೆ ಕಂಡದ್ದು ಗೇಟಿನಲ್ಲಿ ಕೂಗಾಡುವ ಗುಂಪು ಮಾತ್ರ. ಲಾರಿ ನಿಲ್ಲಿಸಿದರೆ ಊರಿಗೆ ಕಳಿಸುತ್ತೇವೆ ಎಂದು ಗುತ್ತಿಗೆದಾರ ಹೆದರಿಸಿದ್ದ. ಅವರು ಓಡಿಸುತ್ತಲೇ ಹೋದರು.

ಪೊಲೀಸರು ಗೇಟಿನಿಂದ ಎಬ್ಬಿಸಿದರು. ಟೋಲ್ ನಾಕಾದಿಂದಲೂ ಎಬ್ಬಿಸಿದರು. ಆಗ ಬಾಮೈದನಿಗೆ ಹೊಳೆಯಿತು.

"ಹಾಸಿಗೆ ಮೇಲೇ ಕೂರೋಣ ಭಾವ. ರಸ್ತೆ ಅಲ್ಲ, ಯಾರೂ ಎಬ್ಬಿಸೋ ಹಾಗಿಲ್ಲ. ಪೇಪರಿನವರು ಬಂದು ಫೋಟೋ ಹಿಡೀಲಿ. ಜಲ್ಲಿ ಎಷ್ಟು ಗಟ್ಟಿಯಾಗಿದೆ ಅಂದ್ರೆ ಚಾಪೆ ಹಾಸ್ಕೊಂಡು ಕೂರ್ಬಹುದು ಅಂತ ಲೋಕಕ್ಕೆ ಗೊತ್ತಾಗ್ಲಿ."

"ಅದು ಕೂರೋ ಜಾಗ ಅಲ್ಲ" ಎಂದ ನಿಧಾನಿ.

"ಒಂದೆರಡು ದಿನ."

"ಅವರ ಲಾರಿಗಳು ಇಳೀತಾನೇ ಇದಾವೆ."

"ಮೇಲಿನ ತಿರುವಲ್ಲಿ ಒಬ್ಬನ್ನ ನಿಲ್ಲಿಸ್ತೀನಿ. ಏನಾದ್ರೂ ಬಂದ್ರೆ ಸೀಟಿ ಹೊಡೀತಾನೆ. ಇಷ್ಟು ವರ್ಷದಲ್ಲಿ ಅದರೊಳಗೆ ಎಷ್ಟು ಗಾಡಿ ನುಗ್ಗಿದ್ದು ನೋಡಿದೀಯ ನೀನೇ ಹೇಳು."

ನಿಧಾನಿ ಒಂದೇ ಒಂದನ್ನು ನೋಡಿದ್ದ. ಹಾಗೆಂದು ಹೇಳಿದ. ಬಾಮೈದ ಕೈ ಅಗಲಿಸಿದ, ನೋಡು ಮತ್ತೆ ಎನ್ನುವಂತೆ. ಉಳಿದವರು ಆಗಲೇ ಬಟ್ಟೆಯ ಬ್ಯಾನರು ಸುರುಳಿ ಬಿಚ್ಚುತ್ತಿದ್ದರು.  ಕೊನೆಗೆ ಹೆಂಡತಿ ಹೊಲಿದ ದೊಡ್ಡ ಟಾರ್ಪಾಲನ್ನು ನಿಧಾನಿಯೇ ಹೊತ್ತು ತಂದು ಹಾಸಿಗೆಯ ಮೇಲೆ ನೆಟ್ಟ ಕಂಬಗಳಿಗೆ ಬಿಗಿದ.

ಎರಡನೆಯ ದಿನಕ್ಕೆ ಅಲ್ಲಿ ಸಂತೆ ಸೇರಿದಂತಾಯಿತು. ಮನೆಗಳಿಂದ ಹೆಂಗಸರು ಊಟ ತಂದರು. ಮಕ್ಕಳು ಜಲ್ಲಿ ಆರಿಸಿ ಆಟವಾಡಿದರು. ನಿಧಾನಿಯ ಮಗಳು ಕಾಲೇಜು ಮುಗಿಸಿ ಬಂದು ಬ್ಯಾನರಿನ ಅಕ್ಷರ ತಿದ್ದುತ್ತಿದ್ದಳು. ಬಾಮೈದನ ಕಾಗುಣಿತ ನೋಡಿ ನಗುತ್ತಿದ್ದಳು. ಮೇಲಿನ ತಿರುವಿನಲ್ಲಿ ನಿಂತವನು ಊಟಕ್ಕೆಂದು ಕೆಳಗೆ ಇಳಿದು ಬಂದಿದ್ದ. ಅವನ ಜಾಗಕ್ಕೆ ಯಾರಾದರೂ ಹೋಗಿರಬಹುದು ಎಂದು ಎಲ್ಲರೂ ಅಂದುಕೊಂಡಿದ್ದರು.

ಮೊದಲು ವಾಸನೆ ಬಂತು. ಸುಟ್ಟ ಬ್ರೇಕಿನ ವಾಸನೆ ನಿಧಾನಿಗೆ ಗೊತ್ತಿತ್ತು. ಕೈಯ ತಟ್ಟೆ ಬಿಟ್ಟು ಎದ್ದು ನಿಂತ. ಆಮೇಲೆ ಹಾರ್ನಿನ ಸದ್ದು, ಬಿಡದೆ ಒಂದೇ ಸಮನೆ. ತಿರುವಿನಲ್ಲಿ ಲಾರಿ ಕಾಣಿಸಿತು. ಹಿಂದಿನ ಗಾಲಿಗಳಿಂದ ಹೊಗೆ ಏಳುತ್ತಿತ್ತು.

ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ನಿಧಾನಿ ಓಡಲಿಲ್ಲ, ಮಗಳು ಟಾರ್ಪಾಲಿನ ಹಗ್ಗಕ್ಕೆ ಕಾಲು ಸಿಕ್ಕಿ ಬಿದ್ದಿದ್ದಳು, ಅವಳ ಕಡೆ ಹೋಗಿ ಎತ್ತುತ್ತ ತಲೆಯೆತ್ತಿ ನೋಡಿದ. ಲಾರಿಯ ಮೂತಿ ಹಾಸಿಗೆಯ ಕಡೆ ತಿರುಗಿತ್ತು. ಮುಂದಿನ ಎಡಗಾಲಿ ಜಲ್ಲಿಯ ಅಂಚಿಗೆ ಹತ್ತಿ ಕಲ್ಲು ಚಿಮ್ಮಿತು. ಗಾಜಿನ ಹಿಂದೆ ಉಣ್ಣೆಯ ಟೋಪಿ. ಅವನು ಟಾರ್ಪಾಲನ್ನು, ಮಕ್ಕಳನ್ನು, ಬಿದ್ದ ಹುಡುಗಿಯನ್ನು ನೋಡಿದ. ನೋಡಿದ್ದು ನಿಧಾನಿಗೆ ಕಂಡಿತು. ಮರುಗಳಿಗೆಗೆ ಅವನ ಎರಡೂ ತೋಳುಗಳು ಸ್ಟೀರಿಂಗನ್ನು ಬಲಕ್ಕೆ ಎಳೆದವು. ಲಾರಿ ಹಾಸಿಗೆಯಿಂದ ಹೊರಳಿ, ರಸ್ತೆ ದಾಟಿ, ಎದುರಿನ ಬಂಡೆಗೆ ಹೋಗಿ ಬಡಿಯಿತು. ಸಿಮೆಂಟಿನ ಮೋಡವೆದ್ದು ಎಲ್ಲವನ್ನೂ ಮುಚ್ಚಿತು.

ಮೋಡದೊಳಗೆ ಮೊದಲು ಓಡಿದವನು ಬಾಮೈದನೇ. ಕ್ಯಾಬಿನ್ನು ಮುದುಡಿ ಹೋಗಿತ್ತು. ಕಬ್ಬಿಣದ ಸಲಾಕೆ ಹಾಕಿ ಮೀಟಿದರು, ಕೈಯಲ್ಲಿ ತಗಡು ಎಳೆದರು. ಆಂಬುಲೆನ್ಸು ಬರುವ ಹೊತ್ತಿಗೆ ಎಲ್ಲರೂ ತಲೆಯಿಂದ ಕಾಲಿನವರೆಗೆ ಬೂದು ಬಣ್ಣಕ್ಕೆ ತಿರುಗಿದ್ದರು. ಯಾರು ಯಾರೆಂದು ಗುರುತು ಸಿಗುತ್ತಿರಲಿಲ್ಲ. ಟೋಪಿಗೆ ಉಸಿರಿರಲಿಲ್ಲ.

ಮರುದಿನದಿಂದಲೇ ಎಲ್ಲರ ಬಾಯಲ್ಲೂ ಒಂದೊಂದು ಕಥೆ. ಡ್ರೈವರನ ಅಜಾಗರೂಕತೆ ಎಂದು ಕಂಪನಿ ಹೇಳಿತು. ಹಾಸಿಗೆ ಗಟ್ಟಿಯಾಗಿತ್ತು, ನುಗ್ಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಸಂಘದವರು ಹೇಳಿದರು. ಗಾಡಿ ಕೈತಪ್ಪಿ ತಾನಾಗಿಯೇ ಹೊರಳಿತು ಎಂದು ಮತ್ತೆ ಕೆಲವರು. ಸರ್ಕಾರ ವಿಚಾರಣೆಗೆ ಅಧಿಕಾರಿಯೊಬ್ಬನನ್ನು ನೇಮಿಸಿತು. ಓಡಿದವರು ಬೆನ್ನು ಹಾಕಿದ್ದರು. ನೋಡಿದವನು ನಿಧಾನಿ ಒಬ್ಬನೇ. ಮಗಳ ಮುಖ ನೆಲಕ್ಕಿತ್ತು.

ನಾಲ್ಕಾರು ದಿನ ಕಳೆದು ಗಡಿಯಾಚೆಯಿಂದ ಟೋಪಿಯ ಹೆಂಡತಿ ಬಂದಳು, ಜೊತೆಗೆ ಅವನ ಅಣ್ಣ. ಅಂಗಳದ ಹಿಂಬದಿಯಲ್ಲಿ ಗಂಡನ ಜೊತೆಯವರು ಅವನ ಸಾಮಾನು ಕಟ್ಟಿಟ್ಟಿದ್ದರು. ಒಂದು ಸ್ಟವ್ವು, ಎರಡು ಅಂಗಿ, ಪೆಟ್ಟಿಗೆಯಿಂದ ಇನ್ನೂ ತೆಗೆಯದ ಒಂದು ಜೊತೆ ಹೆಂಗಸರ ಚಪ್ಪಲಿ. ಅವಳು ಅಲ್ಲೇ ಡಬ್ಬಿಯ ಮೇಲೆ ಕೂತು ಅವನ್ನು ಹಾಕಿ ನೋಡಿದಳು. ದೊಡ್ಡವಾಗಿದ್ದವು. ನೋಡಿದವನು ಇವನೇ ಎಂದು ಯಾರೋ ನಿಧಾನಿಯನ್ನು ತೋರಿಸಿದರು. ಅವಳು ಎದ್ದು ಬಂದಳು. ಅವಳಿಗೆ ಇಲ್ಲಿಯ ಭಾಷೆಯ ನಾಲ್ಕು ಮಾತು ಬರುತ್ತಿತ್ತು.

"ಅವರದು ತಪ್ಪು ಅಂತ ಹೇಳ್ತಾರೆ. ತಪ್ಪು ಅಂದ್ರೆ ಏನೂ ಕೊಡಲ್ಲ ಅಂತೆ" ಎಂದಳು. "ತಪ್ಪಾ?"

"ಅಲ್ಲಮ್ಮ" ಎಂದ ನಿಧಾನಿ.

"ನೀವು ಅಲ್ಲಿ, ವಿಚಾರಣೇಲಿ, ಹೇಳ್ತೀರಾ?"

ಅವನು ತಲೆಯಾಡಿಸಿದ. ಹೌದೆಂದೋ ಇಲ್ಲವೆಂದೋ ಅವನಿಗೇ ಸ್ಪಷ್ಟವಿರಲಿಲ್ಲ. ಅವಳು ಹೌದೆಂದೇ ತಿಳಿದುಕೊಂಡಳು.

ವಿಚಾರಣೆಯ ಹಿಂದಿನ ಸಂಜೆ ಬಾಮೈದ ಟಾರ್ಪಾಲಿನ ಗುಡ್ಡೆಯ ಮೇಲೆ ಭಾವನ ಪಕ್ಕ ಬಂದು ಕೂತ. ಆ ದಿನದಿಂದ ಅವನು ಸರಿಯಾಗಿ ಉಂಡಿರಲಿಲ್ಲ, ಗಡ್ಡ ಬಿಟ್ಟಿದ್ದ.

"ಅವನಿಗೆ ಹಾಸಿಗೆ ಅಂದ್ರೇನು ಅಂತ ಗೊತ್ತಿರ್ಲಿಲ್ಲ ಅಂತ ಹೇಳು ಭಾವ. ಬೋರ್ಡು ಓದೋಕೆ ಬರ್ತಿರ್ಲಿಲ್ಲ. ಅದು ಸುಳ್ಳೇನಲ್ಲ. ಓದೋಕೆ ಬರದವರನ್ನ ಕರೆಸಿದ್ದು ಕಂಪನಿ. ಅಲ್ಲಿಗೆ ಅವರ ತಲೆಗೇ ಬರುತ್ತೆ."

"ಅವನಿಗೆ ಗೊತ್ತಿತ್ತು. ಹೇಳ್ಕೊಟ್ಟಿದ್ದು ನಾನು. ನೀನೂ ನೋಡಿದೀಯ."

"ನಾನು ಮರೀತೀನಿ."

ನಿಧಾನಿ ಪಕ್ಕದ ಟಾರ್ಪಾಲಿನ ಮಡಿಕೆಯೊಂದನ್ನು ಅಂಗೈಯಲ್ಲಿ ಒತ್ತಿ ಸರಿಮಾಡಿದ.

"ಜನರನ್ನ ಅಲ್ಲಿ ಕೂರಿಸಿದ್ದಕ್ಕೆ ಜೈಲಿಗೆ ಹೋಗೋಕೆ ನನಗೇನು ಹೆದರಿಕೆ ಇಲ್ಲ" ಎಂದ ಬಾಮೈದ. ಅವನ ದನಿ ಅದಕ್ಕೆ ಉಲ್ಟಾ ಹೇಳುತ್ತಿತ್ತು. "ನಾನು ಹೋದ್ರೆ ಮುಷ್ಕರ ಹೋಯ್ತು. ಎಲ್ರೂ ಟ್ರಿಪ್ ಲೆಕ್ಕಕ್ಕೆ ತಲೆ ಬಗ್ಗಿಸ್ತಾರೆ. ಆಮೇಲೆ ಇನ್ನೆಷ್ಟು ಜನ ಬಂಡೆಗೆ ಹೊಡೀತಾರೋ. ಅದನ್ನೂ ಲೆಕ್ಕ ಹಾಕು."

"ಅವನು ನನ್ನ ಮಗಳನ್ನ ನೋಡಿ ತಿರುಗಿಸಿದ ಕಣೋ" ಎಂದ ನಿಧಾನಿ. "ಅವನ ಹೆಂಡ್ತಿಗೆ ನಾನು ಏನಂತ ಹೇಳ್ಲಿ? ಗಾಡಿ ಓಡಿಸೋಕೆ ಬರ್ತಿರ್ಲಿಲ್ಲ ಅಂತಲಾ?"

ಅಷ್ಟೂ ಹೊತ್ತು ಹೊಲಿಗೆ ಯಂತ್ರ ಓಡುತ್ತಲೇ ಇತ್ತು. ಈಗ ನಿಂತಿತು. ಹೆಂಡತಿ ತಲೆಯೆತ್ತದೆ ಹೇಳಿದಳು, "ಇವನನ್ನ ನಾನು ಸೊಂಟದ ಮೇಲೆ ಹೊತ್ತು ಸಾಕಿದೀನಿ. ಮಗಳನ್ನ ಹೆತ್ತಿದೀನಿ. ನೀವು ಏನು ಹೇಳಿದ್ರೂ ನಾನು ಸಾಯೋಳೇ." ಮತ್ತೆ ಯಂತ್ರ ಓಡಿಸಿದಳು.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ಕಿರಗುಟ್ಟುತ್ತಿತ್ತು. ಅಧಿಕಾರಿ ಕೇಳಿದ್ದಕ್ಕೆ ನಿಧಾನಿ ಕಂಡದ್ದನ್ನು ಕಂಡ ಹಾಗೆ ಹೇಳಿದ. ಗಾಲಿ ಜಲ್ಲಿಗೆ ಹತ್ತಿದ್ದು, ಅವನು ಜನರನ್ನು ನೋಡಿದ್ದು, ಬಲಕ್ಕೆ ಎಳೆದದ್ದು. ಜಲ್ಲಿ ಗಟ್ಟಿಯಾಗಿದ್ದರೂ ಆ ಏರಿನಲ್ಲಿ ಲಾರಿ ನಿಲ್ಲುತ್ತಿತ್ತು, ಅವನು ಬದುಕುತ್ತಿದ್ದ ಎಂದೂ ಹೇಳಿದ. ಟಾರ್ಪಾಲು ಕಟ್ಟಿದ್ದು ನಾನೇ ಎಂದೂ ಹೇಳಿದ. ಬೆಂಚಿನ ತುದಿಯಲ್ಲಿ ಕೂತ ಬಾಮೈದ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ.

"ಇನ್ನೊಂದು ಮಾತಿದೆ ಸಾರ್" ಎಂದ ನಿಧಾನಿ. "ಆ ಗಾಡಿ ಬ್ರೇಕಲ್ಲಿ ಗಾಳಿ ಸೋರ್ತಿತ್ತು. ನಾನೇ ಕಿವಿಯಾರೆ ಕೇಳಿದೀನಿ. ಅವನು ಆಫೀಸಿಗೆ ಹೇಳಿದ್ದ."

"ಗಾಡಿ ಗುಜರಿಗೆ ಹೋಗಿದೆ" ಎಂದ ಅಧಿಕಾರಿ. "ಮೆಕ್ಯಾನಿಕಲ್ ವಿಷಯ ಬೇರೆ ವಿಭಾಗದ್ದು. ಜಾಗಕ್ಕೆ ಅಡ್ಡ ಕೂತಿದ್ದು ಯಾರ ತೀರ್ಮಾನ, ಅಷ್ಟು ಹೇಳಿ."

ನಿಧಾನಿ ಬಾಯಿ ತೆರೆಯುವ ಮೊದಲೇ ಬಾಮೈದ ತಾನಾಗಿಯೇ ಎದ್ದು ನಿಂತ. "ನಂದು" ಎಂದ.

ಅವನನ್ನೂ ಸಂಘದ ಇನ್ನಿಬ್ಬರನ್ನೂ ಅಲ್ಲಿಂದಲೇ ಕರೆದೊಯ್ದರು. ನಿಧಾನಿಯನ್ನು ಬಿಟ್ಟರು, ಸಾಕ್ಷಿ ಹೇಳಿದವನೆಂದು. ಅದು ಅವನಿಗೆ ಎಲ್ಲಕ್ಕಿಂತ ದೊಡ್ಡ ಏಟಾಯಿತು. ಮೆಟ್ಟಿಲಿಳಿಯುವಾಗ ಮ್ಯಾನೇಜರು ಅವನ ಕೈ ಕುಲುಕಿದ. ಸುತ್ತ ನಿಂತ ಡ್ರೈವರುಗಳು ಅದನ್ನು ನೋಡಿದರು.

ಆ ವಾರವೇ ಮುಷ್ಕರ ಮುರಿಯಿತು. ಒಬ್ಬೊಬ್ಬರಾಗಿ ಗೇಟಿನ ಒಳಗೆ ಹೋಗಿ ಟ್ರಿಪ್ ಲೆಕ್ಕಕ್ಕೆ ಒಪ್ಪಿಕೊಂಡರು. ಇಲ್ಲಿಯವರು ಬಗ್ಗಿದ್ದು ಕಂಡು ಗಡಿಯಾಚೆಯವರ ಕೂಲಿಯನ್ನೂ ಕಂಪನಿ ಇನ್ನಷ್ಟು ಇಳಿಸಿತು. ಈಗ ಎರಡೂ ಕಡೆಯವರಿಗೆ ಒಂದೇ ಸಂಬಳ, ಮೊದಲು ಇಬ್ಬರಿಗೂ ಬರುತ್ತಿದ್ದುದಕ್ಕಿಂತ ಕಡಿಮೆ. ಡ್ರೈವರನ ತಪ್ಪಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಹಾಗಾದರೆ ತಪ್ಪು ಮುಷ್ಕರದವರದ್ದು, ಪರಿಹಾರ ಅವರ ಹತ್ತಿರ ಕೇಳಿ ಎಂದಿತು ಕಂಪನಿ. ಅವನು ನಮ್ಮ ನೌಕರನೇ ಅಲ್ಲ, ಗುತ್ತಿಗೆದಾರನವನು ಎಂದೂ ಸೇರಿಸಿತು. ಗುತ್ತಿಗೆದಾರ ಬಾಗಿಲಿಗೆ ಬೀಗ ಹಾಕಿ ಊರು ಬಿಟ್ಟಿದ್ದ. ಟೋಪಿಯ ಹೆಂಡತಿಗೆ ಸಿಕ್ಕಿದ್ದು ಹೆಣ ಸಾಗಿಸಲು ಒಂದು ವ್ಯಾನು. ಹೊರಡುವ ಮುಂಚೆ ಅವಳು ನಿಧಾನಿಯ ಮನೆ ಹುಡುಕಿಕೊಂಡು ಬಂದು, ಬಾಗಿಲಲ್ಲೇ ನಿಂತು, ಎರಡು ಕೈ ಜೋಡಿಸಿ ಹೋದಳು. ಆ ನಮಸ್ಕಾರದ ಎದುರು ಅವನು ತಲೆ ಎತ್ತಲಾರದೆ ಹೋದ.

ಹಾಸಿಗೆಯ ಜಲ್ಲಿಯನ್ನು ಯಾರೂ ಕೆದಕಲಿಲ್ಲ. ಮತ್ತೆ ಯಾರೂ ಬಂದು ಕೂರದಂತೆ ಹೆದ್ದಾರಿಯವರು ಅದರ ಬಾಯಿಗೆ ಕಬ್ಬಿಣದ ಬೇಲಿ ಹಾಕಿದರು. ಅದರ ಮುಂದೆಯೇ ನಿಧಾನಿ ದಿನವೂ ಇಳಿಯುತ್ತಿದ್ದ. ಅವನೂ ಟ್ರಿಪ್ ಲೆಕ್ಕಕ್ಕೇ ಒಪ್ಪಿಕೊಂಡಿದ್ದ. ಮಗಳ ಕಾಲೇಜಿತ್ತು, ಬಾಮೈದನ ವಕೀಲರಿದ್ದರು. ಅಂಗಳದಲ್ಲಿ ಅವನ ಪಕ್ಕದ ಬೆಂಚು ಖಾಲಿಯೇ ಇರುತ್ತಿತ್ತು. ಗಡಿಯಾಚೆಯವರು ಮಾತ್ರ ಅವನಿಗೆ ಚಹಾ ತಂದು ಕೊಡುತ್ತಿದ್ದರು. ಅವನು ಅದನ್ನು ಆರುವವರೆಗೂ ಕೈಯಲ್ಲೇ ಹಿಡಿದಿರುತ್ತಿದ್ದ.

ಬಾಮೈದ ಜಾಮೀನಿನ ಮೇಲೆ ಹೊರಬರುವಾಗ ಮಳೆಗಾಲ ಮುಗಿದಿತ್ತು. ಲೈಸೆನ್ಸು ರದ್ದಾಗಿತ್ತು. ಕೂದಲು ಕತ್ತರಿಸಿದ್ದರು, ಬೆನ್ನು ಸ್ವಲ್ಪ ಬಾಗಿತ್ತು. ಅಕ್ಕ ಬಡಿಸಿದ್ದನ್ನು ಉಂಡ. ಕೈ ತೊಳೆದು ಬಂದು, ಬಾಗಿಲ ಹತ್ತಿರ ಕೂತಿದ್ದ ಭಾವನ ಎದುರು ನಿಂತ.

"ನೀನು ಹೇಳಿದ್ದು ತಪ್ಪು ಅಂತ ನನಗೆ ಅನ್ಸಿಲ್ಲ" ಎಂದ. "ಒಳಗೆ ಕೂತು ಬೇಕಾದಷ್ಟು ಯೋಚನೆ ಮಾಡಿದೆ. ಆದ್ರೆ ಈ ಮನೇಲಿ ನಿನ್ನ ಮುಖ ನೋಡ್ಕೊಂಡು ಇರೋಕೆ ನನ್ನ ಕೈಲಾಗಲ್ಲ. ಬಂದರಲ್ಲಿ ಮೂಟೆ ಹೊರೋ ಕೆಲಸ ಇದೆಯಂತೆ. ಹೋಗ್ತೀನಿ."

"ಇಲ್ಲೇ ಇರು. ನಾನು ಗಾಡೀಲಿ ಮಲಗ್ತೀನಿ."

"ಬೇಡ ಭಾವ."

ಅಕ್ಕ ಅವನ ಚೀಲದ ಹರಿದ ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟು ಹೊಲಿದಳು. ಒಂದೇ ಕಡೆ ನಾಲ್ಕೈದು ಸಲ ಹಿಂದೆ ಮುಂದೆ ಓಡಿಸಿದಳು. ಆಮೇಲೆ ದಾರ ಕತ್ತರಿಸಿ ಅವನ ಕೈಗೆ ಕೊಟ್ಟಳು. ಅವನು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತು, ಒಳಗೆ ಬಂದು, ಗಂಡನನ್ನು ದಾಟಿಕೊಂಡು ಅಡುಗೆಮನೆಗೆ ಹೋದಳು.

ಮಗಳು ಟಾರ್ಪಾಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಹಾಳೆ ತಿರುಗಿಸಿರಲಿಲ್ಲ.

"ಅಪ್ಪ, ಅವತ್ತು ಮಾವ ಹೇಳಿದ ಹಾಗೆ ಹೇಳಿದ್ರೆ ಏನಾಗ್ತಿತ್ತು?"

ನಿಧಾನಿ ಯೋಚಿಸಿದ. "ಮಾವ ಮನೇಲಿ ಇರ್ತಿದ್ದ."

"ಆ ಟೋಪಿಯವರ ಹೆಂಡ್ತಿಗೆ?"

"ಅವರಿಗೆ ಹೀಗೇ ಆಗ್ತಿತ್ತು" ಎಂದ. "ಏನೂ ಸಿಗ್ತಿರ್ಲಿಲ್ಲ."

ಅವಳು ಪುಸ್ತಕ ಮುಚ್ಚಿದಳು. ಅಡುಗೆಮನೆಯಲ್ಲಿ ನಲ್ಲಿ ತೆರೆದೇ ಇತ್ತು, ಪಾತ್ರೆಯ ಸದ್ದಿರಲಿಲ್ಲ. ಕಾರ್ಖಾನೆಯ ಸಾಲಿಗೆ ಬೇಗ ಸೇರದಿದ್ದರೆ ಇವತ್ತಿನ ಟ್ರಿಪ್ಪು ತಪ್ಪುತ್ತಿತ್ತು. ನಿಧಾನಿ ಎದ್ದು ಬೂಟು ಹಾಕಿಕೊಂಡು, ಹೋಗಿ ಬರ್ತೀನಿ ಎಂದ. ಒಳಗೆ ನಲ್ಲಿ ಇನ್ನೂ ಸುರಿಯುತ್ತಲೇ ಇತ್ತು.